ಹಿತ್ತಲಿಗೆ ಬಂದ ಕೋರ್ಟು

ಆ ಮನೆಯವರು ಯಾರೂ ಎಂದೂ ಕೋರ್ಟಿನ ಮೆಟ್ಟಿಲು ಹತ್ತಿದವರಲ್ಲ. ಕೊನೆಗೆ ಕೋರ್ಟೇ ಅವರ ಹಿತ್ತಲಿಗೆ ಬಂದು ಕುಳಿತುಕೊಂಡಿತು.

ಅದು ಬಂದಾಗ ಸೊಸೆ ಊರಲ್ಲಿರಲಿಲ್ಲ. ತಂಗಿಯ ಹೆರಿಗೆಗೆಂದು ಹೋದವಳು ಹನ್ನೆರಡು ದಿನ ಬಿಟ್ಟು ಬಂದಳು. ಬಂದವಳೇ ಚೀಲ ಕೆಳಗಿಟ್ಟು, ಕೊಳೆಬಟ್ಟೆ ನೆನೆಹಾಕೋಣವೆಂದು ಅಡುಗೆಮನೆಯ ಹಿಂಬಾಗಿಲನ್ನು ತಳ್ಳಿದಳು. ಬಾಗಿಲು ಎರಡು ಬೆರಳಿನಷ್ಟು ಜರುಗಿ ನಿಂತುಬಿಟ್ಟಿತು. ಹೆಗಲು ಕೊಟ್ಟು ನೂಕಿದಳು. ಜಪ್ಪಯ್ಯ ಅನ್ನಲಿಲ್ಲ. ಸಂದಿಗೆ ಕಣ್ಣಿಟ್ಟು ನೋಡಿದರೆ ಬಟ್ಟೆ ಒಗೆಯುವ ಕಲ್ಲಿಲ್ಲ, ನಲ್ಲಿಯಿಲ್ಲ, ಒಣಹಾಕುವ ತಂತಿಯಿಲ್ಲ, ಅವಳು ಐದು ವರ್ಷದಿಂದ ಸಾಕಿದ ನಿಂಬೆಗಿಡವಿಲ್ಲ. ಈ ಗೋಡೆಯಿಂದ ಆ ಗೋಡೆಯವರೆಗೆ ಬೂದು ಬಣ್ಣದ ಕಾಂಕ್ರೀಟು ನುಣ್ಣಗೆ ಮಲಗಿತ್ತು.

ಬೇರೆ ಯಾರದೋ ಮನೆಗೆ ನುಗ್ಗಿದೆನೇನೋ ಎಂದು ಒಮ್ಮೆ ತಿರುಗಿ ಒಲೆಯ ಕಡೆ ನೋಡಿದಳು. ಒಲೆ ಅವಳದೇ. ಅದರ ಮೇಲಿದ್ದ ಹಿಡಿ ಮುರಿದ ಬಾಣಲೆಯೂ ಅವಳದೇ.

"ರೀ! ಬನ್ನಿ ಇಲ್ಲಿ! ಹಿತ್ತಲೆಲ್ಲಿ ಹೋಯ್ತು?"

ಕೂಗಿಗೆ ಮನೆಮಂದಿಯೆಲ್ಲ ಬಂದು ಅಡುಗೆಮನೆಯಲ್ಲಿ ಸಾಲಾಗಿ ನಿಂತರು. ಮುಂದೆ ಗಂಡ. ಅವನು ಎತ್ತರದ ಕಟ್ಟಡಗಳ ಲಿಫ್ಟು ರಿಪೇರಿ ಮಾಡುವವನು. ಅವನ ಹಿಂದೆ ಕೊರಳಿಗೆ ಟೇಪು ನೇತುಹಾಕಿಕೊಂಡ ಮಾವ, ಕೈಯಲ್ಲಿ ಕತ್ತರಿ ಹಿಡಿದ ಅತ್ತೆ. ಎಲ್ಲರ ಹಿಂದೆ, ಅವರ ತೋಳಿನ ಸಂದಿಯಿಂದ ಇಣುಕುತ್ತ, ಹದಿಮೂರು ವರ್ಷದ ಮಗಳು ಚೂಟಿ. ಅಂಬೆಗಾಲಿಡುವಾಗಲೇ ಯಾರ ಕೈಗೂ ಸಿಗದೆ ಓಡುತ್ತಿದ್ದವಳಿಗೆ ಅಜ್ಜಿ ಇಟ್ಟ ಹೆಸರು ಅದು.

"ಕೋರ್ಟು ಹಾಕಿಸ್ತಿದ್ದೀನಿ ಕಣೇ," ಎಂದ ಗಂಡ, ಹಲ್ಲು ಬಿಟ್ಟು.

"ಕೋರ್ಟಾ? ಯಾರ ಮೇಲೆ?"

"ಬ್ಯಾಡ್ಮಿಂಟನ್ ಕೋರ್ಟು! ಅರ್ಧ ಕೋರ್ಟು. ಪೂರ್ತಿಗೆ ಜಾಗ ಎಲ್ಲಿದೆ? ಈ ಕಡೆ ನೆಟ್ಟು, ಆ ಕಡೆ ಚೂಟಿ. ನಾನು ಬಾಗಿಲ ಹತ್ರ ನಿಂತು ಷಟ್ಲು ಎಸೀತೀನಿ, ಅವಳು ಹೊಡೀತಾಳೆ. ನೀನು ಬರೋಷ್ಟರಲ್ಲಿ ಮುಗಿಸಿ ಆಶ್ಚರ್ಯ ಮಾಡಬೇಕು ಅಂತಿದ್ದೆ."

"ಆಶ್ಚರ್ಯ ಆಯ್ತು. ಸಾಕಾಗೋಷ್ಟು ಆಯ್ತು. ಬಾಗಿಲು ಯಾಕೆ ತೆಗೀತಿಲ್ಲ?"

ಮಾವ ಟೇಪನ್ನು ಬೆರಳಿಗೆ ಸುತ್ತಿಕೊಂಡರು. ಅತ್ತೆ ಕತ್ತರಿಯ ಮೊನೆ ಪರೀಕ್ಷಿಸಿದರು.

ಸಂಗತಿ ಇಷ್ಟೇ. ಮಾವ ದರ್ಜಿ, ಅತ್ತೆ ಬಟ್ಟೆ ಕತ್ತರಿಸುವವರು. ಬೀದಿಯ ಕಡೆಯ ಕೋಣೆಯೇ ಅವರ ಹೊಲಿಗೆ ಅಂಗಡಿ. ಮೈ ಅಳತೆ ತೆಗೆದ ಮೇಲೆ ಹೊಲಿಗೆಗೆಂದು ಸುತ್ತ ಒಂದಿಷ್ಟು ಬಿಡುವು ಸೇರಿಸಿಯೇ ಬಟ್ಟೆ ಕತ್ತರಿಸಬೇಕು ಎನ್ನುವುದು ಆ ಮನೆಯ ಕಸುಬು, ಆ ಮನೆಯ ಧರ್ಮ. ಕೋರ್ಟಿನ ಅಳತೆಯನ್ನು ಮಗ ಕೇಳಿದಾಗ ಮಾವ ಚೀಟಿ ಬರೆದು, ಎಂದಿನಂತೆ ಅತ್ತೆಯ ಕೈಗೆ ಕೊಟ್ಟಿದ್ದರು.

"ಸುತ್ತ ಒಂದಡಿ ಬಿಡುವು ಸೇರಿಸಿ ಬರ್ದಿದ್ದೆ," ಎಂದರು ಮಾವ, ಮೆಲ್ಲಗೆ.

"ಅಯ್ಯೋ, ನೀವು ಯಾವತ್ತಾದ್ರೂ ಚೀಟೀಲಿ ಬಿಡುವು ಸೇರಿಸಿ ಬರ್ದಿದ್ದೀರಾ? ಬರಿಯೋದು ಮೈ ಅಳತೆ ತಾನೇ? ಅದಕ್ಕೇ ನಾನೊಂದಡಿ ಸೇರಿಸ್ದೆ," ಎಂದರು ಅತ್ತೆ.

ಸೊಸೆ ಗಂಡನ ಕಡೆ ನೋಡಿದಳು. ದರ್ಜಿಯ ಹೊಟ್ಟೆಯಲ್ಲಿ ಹುಟ್ಟಿದವನು ತಲೆ ಕೆರೆದುಕೊಂಡ.

"ಗುತ್ತಿಗೆಯವನಿಗೆ ಹೇಳುವಾಗ ನಾನೂ ಒಂದಡಿ..."

ಹೀಗೆ ಮೂರು ಕೈ ದಾಟಿದ ಕೋರ್ಟು ಒಗೆಯುವ ಕಲ್ಲನ್ನು ನುಂಗಿ, ನಲ್ಲಿಯನ್ನು ನುಂಗಿ, ನಾಲ್ಕಂಗುಲ ಎತ್ತರಕ್ಕೆ ಬೆಳೆದು ಹೊರಕ್ಕೆ ತೆರೆಯುವ ಬಾಗಿಲಿಗೇ ಬಂದು ಹೊಡೆದುಕೊಂಡಿತ್ತು.

"ನಮ್ಮ ಕೆಲಸದಲ್ಲಿ ಹೀಗೆ ಮಾಡಿದ್ರೆ ಗಿರಾಕಿ ತಲೆ ತಿರುಗಿ ಬೀದೀಲಿ ಬೀಳ್ತಾನೆ," ಎಂದಳು ಸೊಸೆ. ಅವಳು ಪೇಟೆಯ ಕನ್ನಡಕದ ಅಂಗಡಿಯಲ್ಲಿ ಗಾಜು ಕತ್ತರಿಸಿ, ಅಂಚು ಉಜ್ಜಿ, ಚೌಕಟ್ಟಿಗೆ ಕೂರಿಸುವವಳು. ಹದಿನೆಂಟು ವರ್ಷದಿಂದ ಅದೇ ಕೆಲಸ. ಕಣ್ಣಿನ ಪರೀಕ್ಷೆಯನ್ನೂ ಅವಳೇ ಮಾಡುತ್ತಿದ್ದಳು. ಗಾಜಿನ ನಡುಬಿಂದು ಕೂದಲೆಳೆಯಷ್ಟು ಆಚೀಚೆಯಾದರೂ ಆ ಕನ್ನಡಕ ಕಸದ ಬುಟ್ಟಿಗೇ. ಈ ಮನೆಯಲ್ಲಿ ಇದ್ದುದು ಇದ್ದ ಹಾಗೆ ಅಳೆಯುವವಳು ತಾನೊಬ್ಬಳೇ ಎಂಬ ಹೆಮ್ಮೆ ಅವಳಿಗೆ ಮದುವೆಯಾದ ವರ್ಷದಿಂದಲೂ ಇತ್ತು. ಅದನ್ನು ಅವಳು ಮುಚ್ಚಿಟ್ಟುಕೊಂಡವಳೂ ಅಲ್ಲ.

"ನನ್ನನ್ನೊಂದು ಮಾತು ಕೇಳ್ಬಾರ್ದಿತ್ತಾ? ಬಟ್ಟೆ ಎಲ್ಲಿ ಒಗೀಲಿ? ಎಲ್ಲಿ ಒಣಹಾಕ್ಲಿ?"

"ಆರು ವಾರ ಅಷ್ಟೇ ಇರೋದು ಕಣೇ. ಜಿಲ್ಲಾ ತಂಡದ ಆಯ್ಕೆ. ಈ ಸಲ ತಪ್ಪಿದ್ರೆ ಇವಳ ವಯಸ್ಸಿನ ಗುಂಪಿಗೆ ಮುಗೀತು."

ಅದು ಸುಳ್ಳಲ್ಲ. ಚೂಟಿಗೆ ಎರಡು ವರ್ಷದ ಹಿಂದೆ ಒಂದೇ ಸ್ಥಾನದಿಂದ ತಂಡ ತಪ್ಪಿಹೋಗಿತ್ತು. ಆ ವರ್ಷ ಇವಳಿಂದ ಸೋತು ಅತ್ತುಕೊಂಡು ಹೋದ ಹುಡುಗಿಯರೇ ಕಳೆದ ವರ್ಷ ಇವಳನ್ನು ಮೊದಲ ಸುತ್ತಿನಲ್ಲೇ ಸೋಲಿಸಿದರು. ಕ್ಲಬ್ಬಿನ ಕೋಚು ಗಂಡನನ್ನು ಪಕ್ಕಕ್ಕೆ ಕರೆದು, "ಕಾಲು ಚುರುಕಾಗಿದೆ, ಕೈ ಚುರುಕಾಗಿದೆ. ಅಂದಾಜೇ ಸಾಲ್ದು. ಗಮನ ಇಲ್ಲ. ಮನೇಲಿ ದಿನಾ ಎರಡು ಗಂಟೆ ಹೆಚ್ಚು ಆಡಿಸಿ," ಎಂದಿದ್ದ. ಮಗಳ ಆಟ ಎಂದರೆ ಪ್ರಾಣ ಬಿಡುವ ಅಪ್ಪನಿಗೆ ಅಷ್ಟು ಸಾಕಾಯಿತು.

ಮರುದಿನ ಬಡಗಿ ಬಂದು ಬಾಗಿಲಿನ ಬುಡದಿಂದ ಐದಂಗುಲ ಕೊಯ್ದುಕೊಟ್ಟ. ಮೊಳಕಾಲು ಕಾಣುವ ಚಡ್ಡಿಯಂತೆ ಬಾಗಿಲು ಗಿಡ್ಡವಾಯಿತು. ಆಮೇಲೆ ಹಸಿರು ಪ್ಲಾಸ್ಟಿಕ್ಕಿನ ಬಿಲ್ಲೆಗಳು ಬಂದವು. ಒಂದಕ್ಕೊಂದು ಟಕ್ಕೆಂದು ಸಿಕ್ಕಿಸಿದರೆ ನೆಲವೇ ಆಗುವಂಥವು. ಕಂಪನಿಯವರು ಎರಡೇ ದಿನದಲ್ಲಿ ಜೋಡಿಸಿ, ಬಾಗಿಲಿನಿಂದ ಮೂರು ಹೆಜ್ಜೆಗೆ ನೆಟ್ಟು ಕಟ್ಟಿ, ಬಿಳಿ ಗೆರೆ ಎಳೆಯಲು ಕೂತರು. ನೆಟ್ಟಿನಿಂದ ಹಿಂದಿನ ಗೆರೆಗೆ ಇಪ್ಪತ್ತೆರಡು ಅಡಿ.

ಗೆರೆ ಎಳೆಯುವವನ ಪಕ್ಕ ಚೂಟಿ ಕುಕ್ಕುರುಗಾಲಲ್ಲಿ ಕೂತಳು.

"ಅಂಕಲ್, ಸ್ವಲ್ಪ ದಪ್ಪ ಎಳೀತೀರಾ? ಬಿಳಿ ಬೇಡ, ಹಳದಿ ಹಾಕಿ."

"ಗೆರೆ ಇಷ್ಟೇ ದಪ್ಪ ಇರ್ಬೇಕಮ್ಮಾ. ನಿಯಮ."

"ಇಷ್ಟು ದಪ್ಪ ಎಳೀರಿ ಪ್ಲೀಸ್," ಎಂದು ಅಂಗೈ ಅಗಲಿಸಿ ತೋರಿಸಿದಳು.

ಬಾಗಿಲಲ್ಲಿ ನಿಂತಿದ್ದ ಸೊಸೆಗೆ ನಗು ಬಂತು. "ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ! ಮೊದ್ಲು ಆಡು, ಆಮೇಲೆ ಗೆರೆ ದಪ್ಪ ಮಾಡ್ಸೋಣ," ಎಂದಳು. ಕೆಲಸದವನೂ ನಕ್ಕ. ಎಲ್ಲರೂ ನಕ್ಕರು. ಚೂಟಿಯೂ ನಕ್ಕಳು.

ಆ ಮೇಲಿನ ಮೂರು ವಾರ ಮನೆ ಮನೆಯಾಗಿ ಉಳಿಯಲಿಲ್ಲ. ಬೆಳಿಗ್ಗೆ ಆರಕ್ಕೆ ಟಪ್ ಟಪ್ ಶುರು. ಗಂಡ ಪಾಳಿ ಬದಲಿಸಿಕೊಂಡು ಸಂಜೆ ಐದಕ್ಕೆಲ್ಲ ಮನೆಯಲ್ಲಿರುತ್ತಿದ್ದ. ಬೂಟು ಬಿಚ್ಚುವ ಮೊದಲೇ ಷಟ್ಲಿನ ಡಬ್ಬ ಕೈಯಲ್ಲಿ. ಬಟ್ಟೆ ಒಗೆಯುವುದು ಬಚ್ಚಲಿನಲ್ಲಿ, ಒಣಗಿಸುವುದು ಹೊಲಿಗೆ ಅಂಗಡಿಯಲ್ಲಿ. ಕೋಟಿನ ಅಳತೆ ಕೊಡಲು ಬಂದ ಬ್ಯಾಂಕಿನ ಮ್ಯಾನೇಜರೊಬ್ಬರ ಬೋಳುತಲೆಯ ಮೇಲೆ ಒದ್ದೆ ಹೊದಿಕೆ ತೊಟ್ಟಿಕ್ಕಿತು. "ಮಳೆ ಒಳಗೇ ಬರುತ್ತಾ ನಿಮ್ಮಲ್ಲಿ?" ಎಂದು ಅವರು ಕೇಳಿದ್ದನ್ನು ಮಾವ ಊಟದ ಹೊತ್ತಿಗೆ ಮೂರು ಸಲ ಹೇಳಿದರು. ಒಮ್ಮೆ ಕುದಿಯುವ ಬೇಳೆಯ ಪಾತ್ರೆಗೆ ಷಟ್ಲು ಬಿತ್ತು. ಸೊಸೆ ಅದನ್ನು ಸೌಟಿನಿಂದ ಎತ್ತಿ ಗಂಡನ ತಟ್ಟೆಗೇ ಹಾಕಿದಳು.

ಇಷ್ಟೆಲ್ಲ ಆದರೂ ಚೂಟಿಯ ಆಟ ಮಾತ್ರ ಮೇಲೇಳಲಿಲ್ಲ. ನೆಟ್ಟಿನ ಹತ್ತಿರ ಬಂದದ್ದನ್ನು ಮಿಂಚಿನಂತೆ ಹೊಡೆಯುತ್ತಿದ್ದಳು. ಎತ್ತರಕ್ಕೆ ಹೋಗಿ ಹಿಂದಕ್ಕೆ ಬಿದ್ದದ್ದು ಮಾತ್ರ ರ್‍ಯಾಕೆಟ್ಟಿನ ಅಂಚಿಗೆ ತಾಗುತ್ತಿತ್ತು, ಇಲ್ಲವೇ ಗಾಳಿಗೆ ಬೀಸಿದಂತಾಗುತ್ತಿತ್ತು.

"ಕಣ್ಣೆಲ್ಲಿಟ್ಟಿದ್ದೀಯ?" ಎಂದು ಗಂಡ ಕೂಗುತ್ತಿದ್ದ.

"ಗೊತ್ತಾಗ್ಲಿಲ್ಲಪ್ಪಾ."

"ಗೊತ್ತಾಗ್ಲಿಲ್ಲ ಅಂದ್ರೆ? ಎದುರಿಗೆ ಬರೋದು ಗೊತ್ತಾಗ್ದೆ ಇರುತ್ತಾ? ಮನಸ್ಸೆಲ್ಲಿದೆ ನಿಂಗೆ?"

"ಇಲ್ಲೇ ಇದೆ."

"ಇದ್ದಿದ್ರೆ ಹೊಡೀತಿದ್ದೆ."

ಮನೆಯ ತುಂಬ ಈ ಮಾತೇ ಆಯಿತು. ಅತ್ತೆಗೂ ಒಂದು ದೂರಿತ್ತು. "ಮೊದಲೆಲ್ಲ ಸೂಜಿಗೆ ದಾರ ಪೋಣಿಸಿ ಕೊಡ್ತಿದ್ಲು. ಈಗ ಕರೆದ್ರೆ, ಆಮೇಲೆ ಅಜ್ಜಿ, ಆಮೇಲೆ ಅಜ್ಜಿ ಅಂತ ಓಡ್ತಾಳೆ. ವಯಸ್ಸು ಬಂತಲ್ಲ, ಸೋಮಾರಿತನವೂ ಬಂತು." ಶಾಲೆಯಿಂದ ಮಾತ್ರ ದೂರಿರಲಿಲ್ಲ. ಗಿಡ್ಡಗಿದ್ದಾಳೆಂದು ಅವಳನ್ನು ಮೊದಲಿಂದಲೂ ಮುಂದಿನ ಬೆಂಚಿನಲ್ಲೇ ಕೂರಿಸುತ್ತಿದ್ದರು.

ಒಂದು ಸಂಜೆ ಊಟಕ್ಕೆ ಕೂತಾಗ ಗಂಡ ಮಗಳ ಮುಖವನ್ನೇ ನೋಡದೆ ಅನ್ನ ಕಲಸುತ್ತಿದ್ದ. ಚೂಟಿ ತಟ್ಟೆಯಲ್ಲಿ ಬೇಯಿಸಿದ ಆಲೂಗಡ್ಡೆಯನ್ನು ಅತ್ತಿಂದಿತ್ತ ಸರಿಸುತ್ತಿದ್ದಳು. ಆಗ ಮಾವ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಒಂದು ಮಾತು ತೆಗೆದರು.

"ಅಲ್ಲ, ನಂಗೂ ಹಿಂದೊಮ್ಮೆ ಗುಂಡಿ ಹಾಕೋ ಕಾಜಾ ಎಲ್ಲ ವಕ್ರ ಬರ್ತಿತ್ತು. ಕೈ ಹೋಯ್ತು ಅಂದ್ಕೊಂಡಿದ್ದೆ. ನೋಡಿದ್ರೆ ಹೋಗಿದ್ದು ಕಣ್ಣು. ಮಗೂನ ಒಂದ್ಸಲ ಯಾರಿಗಾದ್ರೂ..."

"ಯಾರಿಗಾದ್ರೂ ಅಂದ್ರೆ?" ಸೊಸೆ ಸೌಟು ಕೆಳಗಿಟ್ಟಳು. "ನಾನೇನು ಸತ್ತುಹೋಗಿದ್ದೀನಾ ಮಾವ? ಪ್ರತಿ ಹುಟ್ಟುಹಬ್ಬಕ್ಕೂ ನಾನೇ ನೋಡಿಲ್ವಾ? ಮೊನ್ನೆ ಹದಿಮೂರು ತುಂಬಿದಾಗಲೂ ನೋಡಿದ್ದೀನಿ. ಎರಡು ಕಣ್ಣೂ ಆರಕ್ಕೆ ಆರು. ಕೊನೇ ಸಾಲು ಸಮೇತ ಒಂದೂ ತಪ್ಪಿಲ್ಲ."

"ಅದು ನಿಜ," ಎಂದ ಗಂಡ. "ಆ ಹಲಗೆ ನೋಡ್ಕೊಂಡೇ ಅಲ್ವಾ ಇವಳು ಅಕ್ಷರ ಕಲ್ತಿದ್ದು. ಮಾತು ಬರೋಕೆ ಮುಂಚೆ ಮ, ಟ ಪ, ಗ ಸ ಲ ಅಂತ ಹಾಡ್ತಿದ್ಲು."

ಹಾಡುತ್ತಿದ್ದುದು ಹೌದು. ಚೂಟಿ ತೊಟ್ಟಿಲು ಬಿಟ್ಟ ಮೇಲೆ ಬೆಳೆದದ್ದೆಲ್ಲ ಕನ್ನಡಕದ ಅಂಗಡಿಯಲ್ಲಿ, ಕಣ್ಣು ಪರೀಕ್ಷಿಸುವ ಅಕ್ಷರದ ಹಲಗೆಯ ಕೆಳಗೆ ಹಾಸಿದ ಚಾಪೆಯಲ್ಲಿ. ಗಿರಾಕಿಗಳು ಓದುವುದನ್ನು ಕೇಳಿ ಕೇಳಿ ಹಾಡು ಕಟ್ಟಿಕೊಂಡಿದ್ದಳು. ಮನೆಗೆ ಬಂದವರ ಮುಂದೆ ಅದನ್ನು ಹಾಡಿಸಿ ಎಲ್ಲರೂ ಚಪ್ಪಾಳೆ ತಟ್ಟಿದ್ದರು. ಹಾಡಿಸಿ ಹಾಡಿಸಿ ಮನೆಯವರಿಗೆಲ್ಲ ಅದು ಬಾಯಿಪಾಠವಾಗಿತ್ತು.

"ಊರಿನವರ ಕಣ್ಣೆಲ್ಲ ನೋಡೋಳು ನನ್ನ ಮಗಳ ಕಣ್ಣು ನೋಡಲ್ವಾ?" ಸೊಸೆಯ ಕೋಪ ಇನ್ನೂ ಇಳಿದಿರಲಿಲ್ಲ. "ಇದೇನು ಬಿಡುವು ಸೇರಿಸಿ ಅಂದಾಜಿಗೆ ಕತ್ತರಿಸೋ ಬಟ್ಟೇನಾ?"

ಮಾವ ನೀರು ಕುಡಿದು, ತಟ್ಟೆ ತಾವೇ ತೊಳೆದಿಟ್ಟು, ಅಂಗಡಿಗೆ ಹೋಗಿ ಕೂತರು. ಹಿರಿಯರಿಗೆ ಹಾಗೆ ಅನ್ನಬಾರದಿತ್ತು ಎಂದು ಸೊಸೆಗೆ ಅನ್ನಿಸಿತು. ಆದರೆ ತಾನು ಹೇಳಿದ್ದು ಸರಿಯಲ್ಲವೇ ಎಂದೂ ಅನ್ನಿಸಿತು.

ಆಯ್ಕೆಗೆ ಹತ್ತು ದಿನ ಉಳಿದಿದ್ದ ಭಾನುವಾರ. ಬೆಳಿಗ್ಗೆ ಹನ್ನೊಂದರ ಬಿಸಿಲು. ಸೊಸೆ ಗಿಡ್ಡ ಬಾಗಿಲಿನ ಹೊಸ್ತಿಲ ಮೇಲೆ ಕೂತು ಕ್ಯಾರೆಟ್ಟು ಹೆರೆಯುತ್ತಿದ್ದಳು. ಅವಳ ಮುಂದೆ ಗಂಡ, ಅವನ ಮುಂದೆ ನೆಟ್ಟು, ಆಚೆ ತುದಿಯಲ್ಲಿ ಚೂಟಿ. ಎತ್ತರಕ್ಕೆ ಎಸೆದ ಮೂರು ಷಟ್ಲಿನಲ್ಲಿ ಮೂರನ್ನೂ ಅವಳು ಬಿಟ್ಟಳು. ನಾಲ್ಕನೆಯದು ಗೆರೆಯಿಂದ ಒಂದು ಗೇಣು ಒಳಗೆ ಬಿತ್ತು.

"ಔಟು," ಎಂದಳು ಚೂಟಿ.

ಗಂಡ ರ್‍ಯಾಕೆಟ್ಟನ್ನು ನೆಲಕ್ಕೆ ಬಿಸಾಕಿದ. "ಔಟಾ? ಒಂದು ಗೇಣು ಒಳಗಿದೆ! ಸುಳ್ಳು ಬೇರೆ ಕಲ್ತಿದ್ದೀಯ? ನಿನಗೋಸ್ಕರ ಹಿತ್ತಲು ಹೋಯ್ತು, ನಿಮ್ಮಮ್ಮನ ಗಿಡ ಹೋಯ್ತು, ಮುದುಕರಿಬ್ಬರು ಒದ್ದೆಬಟ್ಟೆ ಕೆಳಗೆ ಕೂತು ಹೊಲೀತಿದ್ದಾರೆ. ನಿಂಗೆ ಆಡೋಕೆ ಇಷ್ಟ ಇಲ್ಲ ಅಂದ್ರೆ ಬಾಯಿ ಬಿಟ್ಟು ಹೇಳು!"

"ಇಷ್ಟ ಇದೆಯಪ್ಪಾ."

"ಹಾಗಾದ್ರೆ ಯಾಕೆ ಹೊಡಿಯಲ್ಲ?"

"ನಂಗೆ ಬರಲ್ಲ," ಎಂದಳು ಚೂಟಿ. "ಮೊದ್ಲು ಬರ್ತಿತ್ತು. ಈಗ ಬರಲ್ಲ."

ಗಲಾಟೆ ಕೇಳಿ ಮಾವನೂ ಅತ್ತೆಯೂ ಬಂದು ಸೊಸೆಯ ಹಿಂದೆ ನಿಂತರು. ಜಗಳ ಬೆಳೆಯದಿರಲಿ ಎಂದು ಸೊಸೆ ಎದ್ದಳು. "ಸಾಕು ಬಿಡ್ರಿ. ಚೂಟಿ, ನಾನೊಂದು ಹಾಕ್ತೀನಿ, ತಗೋ," ಎಂದು ಕಾಲ ಬಳಿ ಬಿದ್ದಿದ್ದ ಷಟ್ಲೊಂದನ್ನು ಹಿಡಿದು, ಮಗುವಿಗೆ ಎಸೆದಂತೆ ಮೆತ್ತಗೆ ನೆಟ್ಟಿನ ಮೇಲಿಂದ ತಳ್ಳಿದಳು.

ಚೂಟಿ ರ್‍ಯಾಕೆಟ್ಟು ಎತ್ತಲಿಲ್ಲ. ತಲೆಯನ್ನು ಒಂದು ಬದಿಗೆ ಓರೆ ಮಾಡಿದಳು. ಕಣ್ಣನ್ನು ಕಿರಿದಾಗಿಸಿದಳು. ಷಟ್ಲು ನೇರ ಬಂದು ಅವಳ ಹಣೆಗೆ ಬಡಿಯಿತು.

"ಅಯ್ಯೋ!" ಎಂದು ನಕ್ಕಳು ಚೂಟಿ.

ಸೊಸೆ ನಗಲಿಲ್ಲ. ಓರೆಯಾದ ಆ ತಲೆ, ಕಿರಿದಾದ ಆ ಕಣ್ಣು. ಹದಿನೆಂಟು ವರ್ಷದಲ್ಲಿ ಸಾವಿರಾರು ಜನ ಅಂಗಡಿಯ ಕುರ್ಚಿಯಲ್ಲಿ ಕೂತು ಅವಳನ್ನು ಹಾಗೇ ನೋಡಿದ್ದರು. ಬೀದಿಯಲ್ಲಿ ಅಪರಿಚಿತರು ಹಾಗೆ ನೋಡಿದರೂ ಇವರಿಗೆ ಎಷ್ಟು ನಂಬರು ಬೇಕಾದೀತು ಎಂದು ಅವಳ ಮನಸ್ಸು ತಾನಾಗಿ ಲೆಕ್ಕ ಹಾಕುತ್ತಿತ್ತು.

"ಮಾವ, ಒಂದು ಕಪ್ಪು ಬಟ್ಟೆ ತುಂಡು ಕೊಡಿ. ಸೀಮೆಸುಣ್ಣವೂ."

ಮಾವ ಯಾಕೆಂದು ಕೇಳದೆ ತಂದುಕೊಟ್ಟರು. ಸೊಸೆ ಹೊಸ್ತಿಲ ಮೇಲೆ ಬಟ್ಟೆ ಹರಡಿ, ಯಾರಿಗೂ ತೋರಿಸದೆ, ಎರಡು ಬೆರಳು ಎತ್ತರದ ಮೂರು ಅಕ್ಷರ ಬರೆದಳು. ಹಲಗೆಯ ಮೂರನೆಯ ಸಾಲಿನ ಗಾತ್ರ. ಪರೀಕ್ಷೆಗೆ ಬೇಕಾದ ದೂರವೂ ಸರಿಯಾಗಿತ್ತು. ಆ ಮನೆಯಲ್ಲಿ ಇಪ್ಪತ್ತು ಅಡಿ ನೇರವಾಗಿ ಕಣ್ಣು ಹಾಯಿಸಲು ಈ ಕೋರ್ಟು ಬರುವವರೆಗೆ ಜಾಗವೇ ಇರಲಿಲ್ಲ. ಅವಳು ಮುಂದೆ ಹೋಗಿ ಬಟ್ಟೆಯ ತುಂಡನ್ನು ನೆಟ್ಟಿನ ಮೇಲೆ ಎತ್ತಿ ಹಿಡಿದಳು.

"ಅಲ್ಲೇ ಗೆರೆ ಮೇಲೆ ನಿಲ್ಲು. ಎಡಗಣ್ಣು ಮುಚ್ಕೋ. ಓದು," ಎಂದಳು, ಅಂಗಡಿಯ ದನಿಯಲ್ಲಿ.

ಚೂಟಿ ಎಡಗಣ್ಣಿಗೆ ಅಂಗೈ ಅಡ್ಡ ಹಿಡಿದಳು. "ಗ, ಸ, ಲ," ಎಂದಳು, ಥಟ್ಟನೆ.

"ನೋಡಿದ್ಯಾ? ಸರಿಯಾಗೇ ಹೇಳಿದ್ಲಲ್ಲ," ಎಂದ ಗಂಡ ಸೊಸೆಯ ಬೆನ್ನ ಹಿಂದಿನಿಂದ. ಅವನಿಗೆ ಬಟ್ಟೆಯ ಹಿಂಬದಿ ಮಾತ್ರ ಕಾಣುತ್ತಿತ್ತು.

"ಹೂಂ, ಗ ಸ ಲ. ಸರಿಯಾಗಿದೆ," ಎಂದು ಮಾವನೂ ತಲೆಯಾಡಿಸಿದರು.

ಸೊಸೆ ಬಟ್ಟೆಯನ್ನು ಮೆಲ್ಲಗೆ ಅವರ ಕಡೆ ತಿರುಗಿಸಿದಳು. ಅತ್ತೆ ಒಂದೊಂದೇ ಅಕ್ಷರ ಜೋರಾಗಿ ಓದಿದರು.

"ಕ... ಹ... ಬ."

ಗಂಡ ಬಗ್ಗಿ, ತಾನು ಬಿಸಾಕಿದ್ದ ರ್‍ಯಾಕೆಟ್ಟನ್ನು ಎತ್ತಿ ಗೋಡೆಗೆ ಒರಗಿಸಿದ.

ಸೊಸೆ ಬಟ್ಟೆಯನ್ನು ಮತ್ತೆ ಮಗಳ ಕಡೆ ತಿರುಗಿಸಿದಳು. "ಇನ್ನೊಂದ್ಸಲ ನೋಡಿ ಹೇಳು ಮಗಳೇ. ನಿಧಾನವಾಗಿ."

"ಗ ಸ ಲ ಅಲ್ವಾಮ್ಮ?" ಚೂಟಿಯ ದನಿಯಲ್ಲಿ ಮೊದಲ ಸಲ ಅನುಮಾನ ಬಂತು. "ಮೂರನೇ ಸಾಲು ತಾನೇ?"

"ಕೈ ತೆಗೀಬೇಡ. ನಡ್ಕೊಂಡು ಬಾ. ಅಕ್ಷರ ಕಂಡ ತಕ್ಷಣ ನಿಂತ್ಕೋ."

ಚೂಟಿ ಒಂದೊಂದೇ ಹೆಜ್ಜೆ ಇಡುತ್ತ ಬಂದಳು. ಐದಡಿ ಬಂದಳು, ನಿಲ್ಲಲಿಲ್ಲ. ಹತ್ತಡಿ ಬಂದಳು, ನಿಲ್ಲಲಿಲ್ಲ. ಸರ್ವೀಸಿನ ಬಿಳಿ ಗೆರೆ ದಾಟಿದಳು. ಇನ್ನು ನಿಲ್ಲುತ್ತಾಳೆ, ಈಗ ನಿಲ್ಲುತ್ತಾಳೆ ಎಂದು ನಾಲ್ಕು ಜನ ಉಸಿರು ಹಿಡಿದು ನೋಡುತ್ತಿದ್ದರು. ಅವಳು ಬರುತ್ತಲೇ ಇದ್ದಳು. ಕೊನೆಗೆ ಮೂಗು ನೆಟ್ಟಿಗೆ ತಗಲುವಷ್ಟು ಹತ್ತಿರ ಬಂದು ನಿಂತಳು.

"ಅಯ್ಯೋ, ಇದು ಕ!" ಎಂದಳು, ತಮಾಷೆ ಸಿಕ್ಕವಳಂತೆ.

ಸೊಸೆ ಅಲ್ಲೇ ಹಸಿರು ನೆಲದ ಮೇಲೆ ಕುಸಿದು ಕೂತಳು. ದೀಪದ ಬುಡದಲ್ಲೇ ಕತ್ತಲು ಎನ್ನುವುದನ್ನು ಅವಳು ಬೇರೆಯವರ ಬಗ್ಗೆ ಎಷ್ಟೋ ಸಲ ಹೇಳಿದ್ದಳು. ಹಲಗೆ ಪೂರ್ತಿ ಓದಿದವರನ್ನು ನಂಬರು ಅಳೆಯುವ ಯಂತ್ರದ ಮುಂದೆ ಕೂರಿಸುವುದೇಕೆ ಎಂದು ಮಗಳನ್ನು ಒಮ್ಮೆಯೂ ಯಂತ್ರದ ಮುಂದೆ ಕೂರಿಸಿರಲಿಲ್ಲ. ಹಾಡು ಹೇಳಿದ್ದನ್ನು ಓದಿದಳೆಂದು ಬರೆದುಕೊಂಡಿದ್ದಳು. ಅದೂ ವರ್ಷಾವರ್ಷ, ಹುಟ್ಟುಹಬ್ಬದ ಉಡುಗೊರೆಯ ಹಾಗೆ.

ಮಾವ ಬಗ್ಗಿ ಅವಳ ಕೈಯಿಂದ ಬಟ್ಟೆಯ ತುಂಡನ್ನು ತೆಗೆದುಕೊಂಡರು. "ಏಳಮ್ಮಾ," ಎಂದರು, ಅಷ್ಟೇ. ಹಿಂದಿನ ವಾರದ ಮಾತನ್ನು ಅವರು ಎತ್ತಲಿಲ್ಲ. ಎತ್ತಿದ್ದರೆ ಎಷ್ಟೋ ವಾಸಿಯಿತ್ತು ಎಂದು ಅವಳಿಗೆ ಅನ್ನಿಸಿತು.

ಮರುದಿನ ಬೆಳಿಗ್ಗೆಯೇ ಕಣ್ಣಿನ ಆಸ್ಪತ್ರೆ. ಗಂಡ ಕೆಲಸಕ್ಕೆ ರಜ ಹಾಕಿ ಬಂದ. ದಾರಿಯುದ್ದಕ್ಕೂ ಮಗಳ ಕೈ ಹಿಡಿದುಕೊಂಡೇ ಇದ್ದ. ರಸ್ತೆ ದಾಟುವಾಗ ಅವಳು, "ಅಪ್ಪಾ, ನಾನೇನು ಕುರುಡೀನಾ?" ಎಂದು ನಕ್ಕಾಗ ಅವನ ಮುಖ ಕಪ್ಪಿಟ್ಟಿತು.

ವೈದ್ಯೆ ಎರಡು ಗಂಟೆ ಒಂದರ ಮೇಲೊಂದು ಯಂತ್ರದಲ್ಲಿ ನೋಡಿ, ಬಣ್ಣಬಣ್ಣದ ಚಿತ್ರವೊಂದನ್ನು ತೆರೆಯ ಮೇಲೆ ತೋರಿಸಿದರು.

"ಕಣ್ಣಿನ ಮುಂಭಾಗದಲ್ಲಿ ಗಾಜಿನ ಹಾಗೆ ಒಂದು ಪದರ ಇರುತ್ತಲ್ಲ, ಅದು ತೆಳ್ಳಗಾಗಿ ಮುಂದಕ್ಕೆ ಉಬ್ಬಿದೆ. ಬಲಗಣ್ಣಲ್ಲಿ ಬಹಳ ಇದೆ. ಎಡಗಣ್ಣಲ್ಲಿ ಅಷ್ಟಿಲ್ಲ, ಆದ್ರೂ ದೂರದ್ದು ಮಸುಕೇ. ಎರಡು ವರ್ಷ ಆಗಿರ್ಬೇಕು. ಕನ್ನಡಕದಿಂದ ಪೂರ್ತಿ ಸರಿಹೋಗಲ್ಲ."

"ಮತ್ತೆ?" ಎಂದ ಗಂಡ.

"ಒಂದು ಚಿಕಿತ್ಸೆ ಇದೆ, ಇದೇ ವಾರ ಮಾಡೋಣ. ಇನ್ನೂ ಕೆಡದ ಹಾಗೆ ನಿಲ್ಲಿಸಬಹುದು. ಕೆಟ್ಟಿದ್ದನ್ನ ವಾಪಸ್ಸು ತರೋಕಾಗಲ್ಲ. ಕಣ್ಣಿನ ಮೇಲೆ ಇಡೋ ಗಟ್ಟಿ ಲೆನ್ಸಿನಿಂದ ಚೆನ್ನಾಗಿ ಕಾಣುತ್ತೆ, ಆದ್ರೆ ಯಾವಾಗ್ಲೂ ಅದನ್ನ ಹಾಕ್ಕೊಂಡೇ ಇರ್ಬೇಕು. ಒಂದೆರಡು ತಿಂಗಳು ಆಟ ಗೀಟ ಏನೂ ಬೇಡ."

ಆಯ್ಕೆಗೆ ಒಂಬತ್ತು ದಿನ ಇತ್ತು.

"ಒಂದು ವರ್ಷ ಮುಂಚೆ ಬಂದಿದ್ರೂ ಬಲಗಣ್ಣು ಇಷ್ಟಕ್ಕೆ ಬರ್ತಿರಲಿಲ್ಲ," ಎಂದು ವೈದ್ಯೆ ಬರೆಯುತ್ತಲೇ ಕೇಳಿದರು. "ಇಷ್ಟು ದಿನ ಯಾರೂ ಪರೀಕ್ಷೆ ಮಾಡಿರಲಿಲ್ವಾ?"

ಗಂಡ ನೆಲ ನೋಡಿದ. ಅವನು ಹೇಳುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

"ನಾನು ಮಾಡಿದ್ದೆ," ಎಂದಳು ಸೊಸೆ. "ನಾನೇ ಮಾಡಿದ್ದೆ. ಕನ್ನಡಕದ ಅಂಗಡೀಲಿ ಕೆಲಸ ನಂದು. ನಾನು ಇವಳ ತಾಯಿ."

ವೈದ್ಯೆಯ ಪೆನ್ನು ಒಂದು ಗಳಿಗೆ ನಿಂತಿತು. ಏನೂ ಹೇಳದೆ ಮತ್ತೆ ಬರೆಯತೊಡಗಿದರು. ಅದಕ್ಕಿಂತ ಎರಡು ಬೈದಿದ್ದರೆ ಅವಳು ಹೇಗೋ ತಡೆದುಕೊಳ್ಳುತ್ತಿದ್ದಳು.

ಲೆನ್ಸಿನ ಅಳತೆ ನೋಡಲೆಂದು ನರ್ಸು ಚೂಟಿಯ ಬಲಗಣ್ಣಿಗೆ ಒಂದನ್ನು ಹಾಕಿ, "ಹತ್ತು ನಿಮಿಷ ಹೊರಗೆ ಕೂತಿರಿ, ಚುಚ್ಚಿದ್ರೆ ಉಜ್ಜಬೇಡ," ಎಂದು ಕಳಿಸಿದಳು. ಗಂಡ ಚೀಟಿ ಹಿಡಿದು ಔಷಧಿಯ ಕಿಟಕಿಗೆ ಹೋದ. ತಾಯಿ ಮಗಳು ಉದ್ದನೆಯ ಕಾರಿಡಾರಿನ ಬೆಂಚಿನಲ್ಲಿ ಕೂತರು. ಚೂಟಿಯ ಕಣ್ಣಿನಿಂದ ನೀರು ಸುರಿಯುತ್ತಿತ್ತು. ಸೊಸೆ ಒರೆಸುತ್ತಿದ್ದಳು. ಸ್ವಲ್ಪ ಹೊತ್ತಿಗೆ ನೀರು ನಿಂತಿತು. ಚೂಟಿ ಎರಡು ಸಲ ಕಣ್ಣು ಪಿಳುಕಿಸಿ, ಎಡಗಣ್ಣಿಗೆ ಅಂಗೈ ಅಡ್ಡ ಹಿಡಿದು ನೇರ ನೋಡಿದಳು. ಹಾಗೇ ನೋಡುತ್ತ ಕೂತುಬಿಟ್ಟಳು.

"ಅಮ್ಮಾ," ಎಂದಳು, ಬಹಳ ಹೊತ್ತಿನ ಮೇಲೆ. "ಅಪ್ಪ ಯಾಕೆ ಅಳ್ತಿದ್ದಾರೆ?"

ಸೊಸೆ ತಲೆಯೆತ್ತಿದಳು. ಕಾರಿಡಾರಿನ ಆ ತುದಿಯಲ್ಲಿ, ನಲವತ್ತು ಹೆಜ್ಜೆಯಾಚೆ, ಗಂಡ ಔಷಧಿಯ ಸಾಲಿನಲ್ಲಿ ನಿಂತಿದ್ದ. ಯಾರಿಗೂ ಕಾಣುವುದಿಲ್ಲವೆಂದುಕೊಂಡು ತೋಳಿನಿಂದ ಮುಖ ಒರೆಸಿಕೊಳ್ಳುತ್ತಿದ್ದ.

"ನಿಂಗೆ ಇಲ್ಲಿಂದ ಕಾಣುತ್ತಾ?"

"ಹೂಂ. ಮೂಗು ಒರೆಸ್ಕೊಂಡ್ರು ನೋಡು. ಎಲ್ಲರಿಗೂ ಇಷ್ಟು ದೂರದಿಂದ ಹೀಗೇ ಕಾಣುತ್ತಾಮ್ಮ?"

"ಕಾಣುತ್ತೆ."

"ಯಾವಾಗ್ಲೂ?"

"ಯಾವಾಗ್ಲೂ."

ಸೊಸೆಗೆ ಕೇಳಬಾರದೆಂದಿದ್ದರೂ ಬಾಯಿ ನಿಲ್ಲಲಿಲ್ಲ. "ನಂಗೆ ಯಾಕೆ ಹೇಳಲಿಲ್ಲ ಮಗಳೇ? ಸರಿಯಾಗಿ ಕಾಣಲ್ಲ ಅಂತ ಒಂದ್ಸಲ ಅಂದಿದ್ರೆ ಆಗ್ತಿತ್ತಲ್ಲ?"

"ನೀನೇ ನೋಡಿ ಆರಕ್ಕೆ ಆರು ಅಂದಿದ್ದೆಯಲ್ಲಮ್ಮಾ," ಎಂದಳು ಚೂಟಿ. ದನಿಯಲ್ಲಿ ದೂರೇ ಇರಲಿಲ್ಲ. "ಎಲ್ಲರಿಗೂ ನನ್ನ ಹಾಗೇ ಕಾಣುತ್ತೆ, ಆದ್ರೂ ಎಲ್ಲರೂ ಹೊಡೀತಾರೆ, ನಂಗೊಬ್ಬಳಿಗೇ ಬರಲ್ಲ ಅಂದ್ಕೊಂಡಿದ್ದೆ."

ಸೊಸೆ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಳು.

"ಈ ಕಡೆ ತಿರುಗಮ್ಮಾ," ಎಂದು ಚೂಟಿ ಅವಳ ಗಲ್ಲ ಹಿಡಿದಳು. "ಅಳ್ಬೇಡ. ಈಗ ನಂಗೆ ಕಾಣುತ್ತೆ."